ಮಗನ ಜಾಗದಲ್ಲಿ ಅಪ್ಪ

ಕಳಸ, ಸಂಸೆ, ಬಾಳೂರು, ಕೊಟ್ಟಿಗೆಹಾರದ ಕಡೆ ಸಂಜೆ ಏಳರ ಮೇಲೆ ಯಾರ ಮನೆಗೂ ಹೋಗಬೇಡಿ. ಮೊದಲಾದರೆ ಆ ಹೊತ್ತಿಗೆ ಹೋದವರಿಗೆ ಒಂದು ಲೋಟ ಕಾಫಿ ಸಿಗುತ್ತಿತ್ತು. ನಿಮ್ಮಲ್ಲಿ ಮಳೆ ಎಷ್ಟು, ರೋಬಸ್ಟಾ ಮೂಟೆಗೆ ಎಷ್ಟು, ಆನೆ ಈಗ ಯಾರ ತೋಟದಲ್ಲಿದೆ ಎಂಬ ಮೂರು ವಿಷಯ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗುತ್ತಿತ್ತು. ಈಗ ಹೋದರೆ ಮನೆಯ ಯಜಮಾನರು ಜಗಲಿಯಲ್ಲಿ ಕನ್ನಡಕ ಏರಿಸಿಕೊಂಡು ಮೂರನೇ ಕ್ಲಾಸಿನ ಇ.ವಿ.ಎಸ್. ಬರೆಯುತ್ತಿರುತ್ತಾರೆ. ಪಕ್ಕದಲ್ಲಿ ಅವರ ಮನೆಯವರು ಥರ್ಮೋಕೋಲ್ ಕೊಯ್ಯುತ್ತಿರುತ್ತಾರೆ. ಇಬ್ಬರೂ ತಲೆಯೆತ್ತುವುದಿಲ್ಲ. ನಾಳೆಯೇ ಸಬ್‌ಮಿಟ್ ಮಾಡಬೇಕು.

ಮಗು ಎಲ್ಲಿ ಎನ್ನುತ್ತೀರಾ? ಅಲ್ಲೇ ಇದೆ, ಗೋಂದಿನ ಬಾಟಲಿ ಹಿಡಿದುಕೊಂಡಿದೆ. ಹೋಂವರ್ಕಿನಲ್ಲಿ ಮಗುವಿಗೆ ವಹಿಸಿದ ಕೆಲಸ ಎರಡೇ. ಕೇಳಿದಾಗ ಗೋಂದು ಕೊಡುವುದು, ಎಲ್ಲ ಮುಗಿದ ಮೇಲೆ ರಟ್ಟಿನ ಮೇಲೆ ತನ್ನ ಹೆಸರು ಬರೆಯುವುದು. ಅಕ್ಷರ ಸೊಟ್ಟಗಾದರೆ ಪ್ರಾಜೆಕ್ಟಿನ ಅಂದ ಕೆಡುತ್ತದೆಂದು ಎಷ್ಟೋ ಮನೆಗಳಲ್ಲಿ ಆ ಎರಡನೆಯದನ್ನೂ ಅಮ್ಮನೇ ಮಾಡುತ್ತಾಳೆ. ಅಕ್ಷರ ತೀರಾ ದುಂಡಗಾದರೆ ಟೀಚರಿಗೆ ಅನುಮಾನ ಬರುತ್ತದೆಂದು ಎಡಗೈಯಲ್ಲಿ ಬರೆಯುವುದನ್ನು ರೂಢಿ ಮಾಡಿಕೊಂಡ ಅಪ್ಪಂದಿರೂ ಇದ್ದಾರೆ. ಪಾಪ, ಆ ಶ್ರಮ ದಂಡ. ಟೀಚರಿಗೆ ಎಲ್ಲ ಗೊತ್ತು. ಅವರೂ ಬೇಗ ಬೇಗ ರೈಟ್ ಹಾಕಿ ಮುಗಿಸಿ ಮನೆಗೆ ಓಡಬೇಕು. ಮಗಳ ಪ್ರಾಜೆಕ್ಟ್ ಬರೆಯುವುದಿದೆ.

ದೊಡ್ಡ ತೋಟಗಳಲ್ಲಿ ಇಷ್ಟು ತಾಪತ್ರಯವಿಲ್ಲ. ಅಲ್ಲಿ ರೈಟ್ರು ಇದ್ದಾರೆ. ಚೆಕ್‌ರೋಲ್, ಗೊಬ್ಬರದ ಲೆಕ್ಕ, ವಾರದ ಬಟವಾಡೆ, ಇವುಗಳ ಜೊತೆಗೆ ಸಾಹುಕಾರರ ಮಗಳ ಸೋಶಿಯಲ್ ಸೈನ್ಸ್ ಕೂಡ ಈಗ ಅವರದೇ ಖಾತೆ. "ರೈಟ್ರೇ, ಮರಗಸಿ ಲೆಕ್ಕ ನಾಳೆ ನೋಡಣ. ಮೊದ್ಲು ಈ ಮೊಘಲರದ್ದು ಮುಗ್ಸಿಬಿಡಿ" ಎಂದು ಆಫೀಸು ರೂಮಿಗೇ ಪುಸ್ತಕ ಬರುತ್ತದೆ. ಇಪ್ಪತ್ತು ವರ್ಷ ಹಾಜರಿ ಬರೆದ ಕೈ. ಬಾಬರನಿಂದ ಔರಂಗಜೇಬನವರೆಗೆ ಆರೂ ಜನರನ್ನು ಗೆರೆ ಹಾಕಿ ಸಾಲಾಗಿ ನಿಲ್ಲಿಸಿ, ಎದುರಿಗೆ ಕೆಲಸಕ್ಕೆ ಬಂದ ವರ್ಷ, ಬಿಟ್ಟ ವರ್ಷ ಎಂದು ಎರಡು ಕಾಲಂ ಮಾಡಿದರು. ಅಷ್ಟು ಸ್ವಚ್ಛವಾದ ಮೊಘಲ್ ಸಾಮ್ರಾಜ್ಯವನ್ನು ಆ ಶಾಲೆ ಹಿಂದೆ ಕಂಡಿರಲಿಲ್ಲವಂತೆ. ಸಾಹುಕಾರರ ಮಗಳಿಗೆ ಎ ಪ್ಲಸ್ ಬಂತು. ರೈಟ್ರಿಗೆ ಏನೂ ಬರಲಿಲ್ಲ, ಮುಂದಿನ ವಾರ ಮರಾಠರು ಬಂದರು.

ಈ ಸೀಮೆಯಲ್ಲಿ ಮಳೆಯನ್ನು ಅಳೆಯುವುದು ಇಂಚು, ಸೆಂಟಿನಲ್ಲಿ. ತೋಟ ಸಣ್ಣದಿರಲಿ ದೊಡ್ಡದಿರಲಿ, ಅಂಗಳದಲ್ಲೊಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎದ್ದವರು ಅದರ ನೀರನ್ನು ಅಳತೆಯ ಗಾಜಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಎತ್ತಿ ನೋಡಿ, ಪುಸ್ತಕದಲ್ಲಿ ಬರೆದ ಮೇಲೆಯೇ ಹಲ್ಲುಜ್ಜುವುದು. ಅಜ್ಜ ಬರೆದಿಟ್ಟ ಪುಸ್ತಕವನ್ನು ಮೊಮ್ಮಗ ಮುಂದುವರಿಸಿದ ಮನೆಗಳಿವೆ. ಫೆಬ್ರವರಿ, ಮಾರ್ಚಿನ ಹೂಮಳೆ ಒಂದು ಇಂಚು ದಾಟಿತೋ, ಅರ್ಧ ಇಂಚಿಗೆ ಕೈಕೊಟ್ಟಿತೋ ಎಂಬುದರ ಮೇಲೆ ಇಡೀ ವರ್ಷದ ಸಾಲ, ಮದುವೆ, ಜೀಪಿನ ಟೈರು ಎಲ್ಲ ತೀರ್ಮಾನವಾಗುವ ಊರು ಇದು. ಕುದುರೆಮುಖದಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಅಂದರೆ ಇನ್ನೂರ ಎಪ್ಪತ್ತು ಇಂಚಿಗೂ ಮೇಲೆ. ಮಳೆಯ ವಿಷಯದಲ್ಲಿ ನಮಗೆ ಪಾಠ ಹೇಳುವವರು ಹುಟ್ಟಿ ಬರಬೇಕು.

ಹುಟ್ಟಿ ಬಂದರು. 'ಮಳೆಮಾಪಕದ ಬಣ್ಣದ ಚಿತ್ರ ಅಂಟಿಸಿ, ಐದು ಸಾಲು ಬರೆಯಿರಿ' ಎಂದು ಆಗಸ್ಟಿನಲ್ಲಿ ಹೋಂವರ್ಕ್ ಬಂತು. ಅಪ್ಪ ರೇನ್‌ಕೋಟು ಹಾಕಿ ಬೈಕು ಹತ್ತಿದರು. ಅಂಗಳ ದಾಟುವಾಗ ಬೈಕಿನ ಹ್ಯಾಂಡಲ್ಲು ಮಳೆಮಾಪಕಕ್ಕೆ ತಗುಲಿ ಅದು ವಾಲಿತು. ಇಳಿದು ನೆಟ್ಟಗೆ ನಿಲ್ಲಿಸಿ, ಅದರ ಫೋಟೊ ತರಲು ಪೇಟೆಗೆ ಹೋದರು. ಪೇಟೆಯ ಜೆರಾಕ್ಸ್ ಅಂಗಡಿಯವನು ತಲೆ ಎತ್ತದೆ ಕೇಳುವುದು ಎರಡೇ ಪ್ರಶ್ನೆ: ಯಾವ ಸ್ಕೂಲು, ಯಾವ ಕ್ಲಾಸು. ಉತ್ತರ ಹೇಳಿದರೆ ಸಾಕು, ಫೋಲ್ಡರ್ ತೆರೆಯುತ್ತದೆ, ಪ್ರಿಂಟ್ ಬರುತ್ತದೆ. ಇಡೀ ಕ್ಲಾಸಿನ ಅಷ್ಟೂ ಪುಸ್ತಕದಲ್ಲಿ ಒಂದೇ ಮಳೆಮಾಪಕ, ಯಾವುದೋ ಪರದೇಶದ ಹುಲ್ಲುಹಾಸಿನ ಮೇಲೆ ಬಿಸಿಲಲ್ಲಿ ನಿಂತಿರುವುದು. ಒಂದು ಹನಿಯೂ ಅದರೊಳಗಿಲ್ಲ. ಕಳಸ ಭಾಗದ ಶಿಕ್ಷಣ ಯಾರ ಕೈಯಲ್ಲಿದೆ ಎಂದು ಯಾರಾದರೂ ಕೇಳಿದರೆ ಬಿ.ಇ.ಒ. ಕಚೇರಿಯ ದಾರಿ ತೋರಿಸಬೇಡಿ. ಜೆರಾಕ್ಸ್ ಅಂಗಡಿಗೆ ಕಳಿಸಿ.

ಒಬ್ಬಳು ಹುಡುಗಿ ಮಾತ್ರ, ಅಪ್ಪ ಊರಲ್ಲಿ ಇರಲಿಲ್ಲವೋ ಏನೋ, ತಾನೇ ಛತ್ರಿ ಹಿಡಿದು ಅಂಗಳಕ್ಕಿಳಿದು ನೋಡಿ 'ನಿನ್ನೆ ನಮ್ಮಲ್ಲಿ 3 ಇಂಚು 20 ಸೆಂಟು ಮಳೆ ಬಂದಿದೆ' ಎಂದು ಬರೆದುಕೊಂಡು ಹೋದಳು. ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾರೆ ಎಂದು ಕೆಂಪು ಶಾಯಿಯಲ್ಲಿ ಬಂತು. 25.4ರಿಂದ ಗುಣಿಸಿದರೆ 81 ಚಿಲ್ಲರೆ ಆಗುತ್ತದೆ, ಗುಣಾಕಾರಕ್ಕೆ ಅದಕ್ಕಿಂತ ಒಳ್ಳೆಯ ಲೆಕ್ಕ ಸಿಗಲಾರದು. ಆದರೆ ಗುಣಾಕಾರ ಬುಧವಾರದ ಪೀರಿಯಡ್ಡು. ಇದು ಗುರುವಾರ.

ಅಣೆಕಟ್ಟಿನ ಕಥೆಯೂ ಹೀಗೆಯೇ. 'ಅಣೆಕಟ್ಟುಗಳು ಮತ್ತು ಅವುಗಳ ಉಪಯೋಗ' ಎಂಬ ಪ್ರಾಜೆಕ್ಟಿಗೆ ನಮ್ಮ ಮಕ್ಕಳೆಲ್ಲ, ಕ್ಷಮಿಸಿ, ನಮ್ಮ ಅಪ್ಪಂದಿರೆಲ್ಲ ಭಾಕ್ರಾ ನಂಗಲ್ ಅಂಟಿಸಿದರು. ಪಂಜಾಬಿನ ಗಡಿಯ ತನಕ ಹೋಗುವ ಅಗತ್ಯವಿರಲಿಲ್ಲ. ಕುದುರೆಮುಖದಲ್ಲೇ ಲಕ್ಯಾ ಅಣೆಕಟ್ಟು ಇದೆ. ಅದರ ಇತಿಹಾಸ ಬರೆದರೆ ಎಂಥ ಪ್ರಾಜೆಕ್ಟ್ ಆಗುತ್ತಿತ್ತು! ಇರಾನಿನ ದೊರೆಗೆ ಅದಿರು ಬೇಕಿತ್ತು. ಅವನ ದುಡ್ಡು ನಂಬಿ 1976ರಲ್ಲಿ ಕಂಪನಿ ಹುಟ್ಟಿತು. ಗುಡ್ಡ ಅಗೆದು, ಪುಡಿ ಮಾಡಿ, ನೀರಲ್ಲಿ ಕಲಸಿ, 67 ಕಿಲೋಮೀಟರ್ ಪೈಪಿನಲ್ಲಿ ಮಂಗಳೂರಿಗೆ ಹರಿಸುವ ಏರ್ಪಾಟಾಯಿತು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ದೊರೆಯೇ ಊರು ಬಿಟ್ಟ. ಅದಿರು ಬೇರೆ ದೇಶಗಳ ಪಾಲಾಯಿತು, ಅದಿರು ತೆಗೆದು ಉಳಿದ ಕೆಸರು ಲಕ್ಯಾ ಪಾಲಾಯಿತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಕೆಸರು ಅಲ್ಲೇ ಕೂತಿದೆ. ಒಬ್ಬ ಹುಡುಗ ಇದನ್ನು ತನ್ನ ಅಜ್ಜನಿಂದ ಕೇಳಿಕೊಂಡು ಬಂದು ಬರೆಯಹೊರಟನಂತೆ. ಅಜ್ಜ ಅದೇ ಕಂಪನಿಯಲ್ಲಿ ದುಡಿದವರು. ಆದರೆ ಗೈಡಿನಲ್ಲಿ ಅಣೆಕಟ್ಟಿನ ಉಪಯೋಗ ನಾಲ್ಕು: ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ, ಪ್ರವಾಸೋದ್ಯಮ. ಕೆಸರು ಹಿಡಿದಿಡುವುದಕ್ಕೆ ಅಂಕವಿಲ್ಲ. "ಸುಮ್ನೆ ರಿಸ್ಕ್ ಯಾಕೆ ಮಾರಾಯ" ಎಂದು ಅವನ ಅಪ್ಪ ಭಾಕ್ರಾ ತಂದುಕೊಟ್ಟರು.

ಇನ್ನು ಕನ್ನಡ ಹೋಂವರ್ಕು. ಸೆಪ್ಟೆಂಬರ್ 8 ತೇಜಸ್ವಿಯವರು ಹುಟ್ಟಿದ ದಿನ. ಮೂಡಿಗೆರೆಯಲ್ಲೇ ತೋಟ ಮಾಡಿಕೊಂಡು, ಮೀನು ಹಿಡಿದುಕೊಂಡು, ಹಕ್ಕಿಗೆ ಕ್ಯಾಮೆರಾ ಗುರಿಯಿಟ್ಟುಕೊಂಡು, 2007ರ ಏಪ್ರಿಲ್‌ವರೆಗೆ ನಮ್ಮ ನಡುವೆಯೇ ಸ್ಕೂಟರಿನಲ್ಲಿ ಓಡಾಡಿದವರು. 'ನಮ್ಮ ಊರಿನ ಸಾಹಿತಿ: ಭಾವಚಿತ್ರ ಅಂಟಿಸಿ, ಪರಿಚಯ ಬರೆಯಿರಿ' ಎಂದು ಬಂತು. ಸ್ಟೇಷನರಿ ಅಂಗಡಿಯಲ್ಲಿ ಕವಿಗಳ ಹಾಳೆ ಎಂದು ಸಿಗುತ್ತದಲ್ಲ, ಸಣ್ಣ ಸಣ್ಣ ಚಿತ್ರಗಳಿದ್ದು ಕತ್ತರಿಸಿ ಅಂಟಿಸುವುದು, ಅದರಲ್ಲಿ ಇರುವುದು ಜ್ಞಾನಪೀಠದ ಎಂಟು ಮಂದಿ. ತೇಜಸ್ವಿ ಇಲ್ಲ. ಕುವೆಂಪು ಇದ್ದಾರೆ. ರಾತ್ರಿ ಒಂಬತ್ತಕ್ಕೆ ಇನ್ನೆಲ್ಲಿಗೆ ಹೋಗುವುದು? ಒಬ್ಬರು ಅಪ್ಪ ಕುವೆಂಪು ಅವರನ್ನೇ ಕತ್ತರಿಸಿ ಅಂಟಿಸಿ, ಕೆಳಗೆ ಪೂರ್ಣಚಂದ್ರ ತೇಜಸ್ವಿ ಎಂದು ಬರೆದು ಕಳಿಸಿದರು. ನಾನು ಇದನ್ನು ತಪ್ಪೆನ್ನಲಾರೆ. ಮಗ ಇರಬೇಕಾದ ಜಾಗದಲ್ಲಿ ಅಪ್ಪನನ್ನು ಕೂರಿಸುವುದು ತಾನೆ ನಮ್ಮಲ್ಲಿ ಹೋಂವರ್ಕ್ ಎಂದರೆ?

ಮಳೆಗಾಲದ ರಜೆಯ ಸಂಗತಿ ಬೇರೆ ಹೇಳಬೇಕು. ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ಸುದ್ದಿ ಬಂದು ಮಕ್ಕಳು ಕುಣಿದು ಮುಗಿಸುವ ಮೊದಲೇ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ರಜೆಯ ಹೋಂವರ್ಕ್ ಬಿದ್ದಿರುತ್ತದೆ. ಪುಟ 34ರಿಂದ 41. ಕರೆಂಟು ಹೋಗಿ ಮೂರು ದಿನ, ಕರೆಂಟಿನ ಹಿಂದೆಯೇ ಟವರ್ ಹೋಗಿರುತ್ತದೆ. ಬರೆದದ್ದರ ಫೋಟೊ ಮಾತ್ರ ಸಂಜೆ ಐದರೊಳಗೆ ಹಾಕಬೇಕು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಒಬ್ಬ ಅಪ್ಪ, ರಸ್ತೆ ಬದಿಯಲ್ಲಿ ಆನ್‌ಲೈನ್ ಪಾಠ ಕೇಳುತ್ತ ಕೂತ ಮಗಳಿಗೆ ಸುರಿಮಳೆಯಲ್ಲಿ ಛತ್ರಿ ಹಿಡಿದು ನಿಂತ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಆಗ ಛತ್ರಿ ಅಪ್ಪನ ಕೈಯಲ್ಲಿತ್ತು, ಮೊಬೈಲು ಮಗಳ ಕಡೆಗಿತ್ತು. ಈಗ ನಮ್ಮ ಗುಡ್ಡದ ನೆತ್ತಿಯಲ್ಲಿ ಎರಡನ್ನೂ ಅಪ್ಪನೇ ಹಿಡಿದು ಒಂದು ಕಡ್ಡಿ ಸಿಗ್ನಲ್ಲಿಗಾಗಿ ಗಿರಗಿರನೆ ತಿರುಗುತ್ತಿರುತ್ತಾನೆ, ಕಾಲಿಗೆ ಉಂಬಳ ಹತ್ತಿರುತ್ತದೆ. ಮಗಳು ಒಲೆ ಮುಂದೆ ಕೂತು ಹಲಸಿನ ಹಪ್ಪಳ ಸುಡುತ್ತಿದ್ದಾಳೆ. ನಮ್ಮ ಪೈಕಿ ನಿಜವಾಗಿ ಏನಾದರೂ ಕಲಿಯುತ್ತಿರುವವಳು ಅವಳೊಬ್ಬಳೇ ಎಂದು ನನ್ನ ಗುಮಾನಿ.

ಇದೇ ಗುಡ್ಡಸಾಲಿನ ಆಗುಂಬೆಯಲ್ಲಿ ಎಂಬತ್ತರ ದಶಕದಲ್ಲಿ ಶಂಕರ್‌ನಾಗ್ 'ಮಾಲ್ಗುಡಿ ಡೇಸ್' ತೆಗೆದಾಗ ಸ್ವಾಮಿಯ ಅಪ್ಪನಾಗಿ ಕೂತವರು ಗಿರೀಶ್ ಕಾರ್ನಾಡ್. ಗಣಿತ ಓದಿಯೇ ಪದವಿ ಪಡೆದವರು, ಪಾತ್ರಕ್ಕೆ ತಕ್ಕ ಅರ್ಹತೆ. ಆರ್.ಕೆ. ನಾರಾಯಣ್ 1935ರಲ್ಲಿ ಬರೆದ ಕಾದಂಬರಿಯಲ್ಲಿ ಆ ಅಪ್ಪ ಮಗನಿಗೆ ಮಾವಿನಹಣ್ಣಿನ ಲೆಕ್ಕ ಕೊಡುತ್ತಾನೆ. ಹತ್ತು ಹಣ್ಣಿಗೆ ಹದಿನೈದಾಣೆಯಾದರೆ ನಾಲ್ಕಕ್ಕೆಷ್ಟು? ಮಗನಿಗೆ ಹಣ್ಣು ಪಕ್ವವಾಗಿದೆಯೋ ಕಾಯಿಯೋ ತಿಳಿಯದೆ ದರ ಕಟ್ಟುವುದು ಹೇಗೆಂಬ ಚಿಂತೆ. ಕಾಫಿ ಮಾರಿದ ಯಾರೇ ಆಗಲಿ ಈ ಹುಡುಗನ ಪಕ್ಷ ವಹಿಸುತ್ತಾರೆ. ಹಣ್ಣೋ ಕಾಯೋ, ಒಣಗಿದೆಯೋ ಹಸಿಯೋ ಎನ್ನದೆ ರೇಟು ಹೇಳುವವ ವ್ಯಾಪಾರಿಯೇ ಅಲ್ಲ. ಅದಿರಲಿ. ಅರ್ಧ ಗಂಟೆ ಹಿಂಸೆಪಟ್ಟು, ಕೊನೆಗೆ ಅಳುತ್ತಳುತ್ತಲಾದರೂ ಆರಾಣೆ ಎಂದವನು ಸ್ವಾಮಿಯೇ. ಇಂದಿನ ಅಪ್ಪನಾಗಿದ್ದರೆ ಎರಡನೇ ನಿಮಿಷಕ್ಕೆ ತಾನೇ ಆರಾಣೆ ಎಂದು ಬರೆದು, ಪಕ್ಕದಲ್ಲಿ ನಾಲ್ಕು ಮಾವಿನಹಣ್ಣು ಬಿಡಿಸಿ, ಹಳದಿ ಬಣ್ಣವನ್ನೂ ತುಂಬಿ ಮುಗಿಸಿರುತ್ತಿದ್ದ.

ಅದೇ ನಾರಾಯಣ್ ರಾಜ್ಯಸಭೆಗೆ ನಾಮಕರಣಗೊಂಡು ಹೋದಾಗ ಮಾತಾಡಿದ್ದು ಮಕ್ಕಳ ಬೆನ್ನ ಮೇಲಿನ ಚೀಲದ ಬಗ್ಗೆ. ಮುಂದೆ ಕೇಂದ್ರ ಸರ್ಕಾರ ಯಶಪಾಲ್ ಸಮಿತಿ ಮಾಡಿತು, 1993ರಲ್ಲಿ ವರದಿ ಬಂತು. ಪ್ರಾಥಮಿಕ ತರಗತಿಗಳಿಗೆ ಹೋಂವರ್ಕ್ ಬೇಡ, ಕೊಡುವುದೇ ಆದರೆ ಮಗು ತನ್ನ ಮನೆಯ ಸುತ್ತಮುತ್ತ ತಾನೇ ಹುಡುಕಿ ನೋಡುವಂಥದ್ದಿರಲಿ ಎಂದಿತು ಸಮಿತಿ. ಅಂದರೆ ಛತ್ರಿ ಹಿಡಿದು ಅಂಗಳಕ್ಕಿಳಿದ ಆ ಹುಡುಗಿ ಮಾಡಿದ್ದು, ಕೆಂಪು ಶಾಯಿ ಬಿದ್ದದ್ದು. ಆಮೇಲೆ 2019ರಲ್ಲಿ ನಮ್ಮ ರಾಜ್ಯ ಸರ್ಕಾರ ಒಂದು, ಎರಡನೇ ತರಗತಿಗೆ ಹೋಂವರ್ಕ್ ಕೊಡಕೂಡದು, ಬ್ಯಾಗಿನ ಭಾರ ಮಗುವಿನ ತೂಕದ ಶೇ. 10 ಮೀರಕೂಡದು ಎಂದು ಆದೇಶ ಹೊರಡಿಸಿತು. 2020ರಲ್ಲಿ ಕೇಂದ್ರದ ಶಾಲಾ ಬ್ಯಾಗ್ ನೀತಿಯೂ ಬಂತು. ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ ಎರಡು ಗಂಟೆಯ ಹೋಂವರ್ಕ್ ಅಂತೆ. ವಾರಕ್ಕೆ! ಎರಡು ಗಂಟೆ ನಮ್ಮಲ್ಲಿ ಥರ್ಮೋಕೋಲ್ ಕೊಯ್ಯುವುದಕ್ಕೇ ಬೇಕು. ಆದರೆ ಸರ್ಕಾರವನ್ನು ದೂರುವಂತಿಲ್ಲ. ಮಿತಿ ಹಾಕಿರುವುದು ಮಕ್ಕಳಿಗೆ. ಅಪ್ಪ ಅಮ್ಮಂದಿರು ದಿನಕ್ಕೆ ಎಷ್ಟು ಗಂಟೆ ಬರೆಯಬಹುದೆಂದು ಯಾವ ನೀತಿಯಲ್ಲೂ ಇಲ್ಲ.

ಆ ಧೈರ್ಯ ಮಾಡಿದ್ದು ಚೀನಾ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಪಾಲಕರಿಗೆ ಹೋಂವರ್ಕ್ ಕೊಡುವಂತಿಲ್ಲ, ಮಕ್ಕಳ ಹೋಂವರ್ಕನ್ನು ಪಾಲಕರಿಂದ ತಿದ್ದಿಸುವಂತಿಲ್ಲ ಎಂದು ಬಾಯಿಬಿಟ್ಟು ಹೇಳಿತು. ಫ್ರಾನ್ಸಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಬರೆಯುವ ಹೋಂವರ್ಕ್ ನಿಷೇಧವಾಗಿ 1956ಕ್ಕೇ ಸುತ್ತೋಲೆ ಹೊರಟಿದೆ. 2012ರಲ್ಲಿ ಅಲ್ಲಿನ ಅಧ್ಯಕ್ಷ ಒಲಾಂದ್, ಮನೆಯಲ್ಲಿ ಹೇಳಿಕೊಡುವವರಿರುವ ಮಗುವಿಗೂ ಇಲ್ಲದ ಮಗುವಿಗೂ ಇದರಿಂದ ಅಂತರ ಬೀಳುತ್ತದೆ, ಮಕ್ಕಳ ಕೆಲಸ ಶಾಲೆಯಲ್ಲೇ ಮುಗಿಯಲಿ ಎಂದು ಮತ್ತೆ ಹೇಳಬೇಕಾಯಿತು. ಐವತ್ತಾರು ವರ್ಷದ ನಿಷೇಧದ ನಂತರವೂ ಹೇಳಬೇಕಾಯಿತೆಂದರೆ ಫ್ರಾನ್ಸಿನ ಮೇಷ್ಟ್ರುಗಳು ನಮ್ಮವರೇ ಎಂದಾಯಿತು. ಮೇಷ್ಟ್ರುಗಳನ್ನು ಅಂದು ಪ್ರಯೋಜನವಿಲ್ಲ, ಅವರಿಗೂ ಮೇಲಿನಿಂದ ಹೋಂವರ್ಕ್ ಬರುತ್ತಿರುತ್ತದೆ. ಮೊಟ್ಟೆಯ ಲೆಕ್ಕ, ಬಾಳೆಹಣ್ಣಿನ ಲೆಕ್ಕ, ಆ ಆ್ಯಪು, ಈ ಪೋರ್ಟಲ್ಲು. 2025ರ ದಸರಾ ರಜೆಯಲ್ಲಿ ಅವರನ್ನೇ ಮನೆಮನೆ ಸಮೀಕ್ಷೆಗೆ ಅಟ್ಟಿ, ಕೆಲಸ ಮುಗಿಯಲಿಲ್ಲವೆಂದು ಶಾಲೆಯ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಮನೆಯಲ್ಲಿದ್ದ ಮಕ್ಕಳಿಗೆ ಏನಾದರೂ ಕೊಡಬೇಡವೇ? ಕೊಟ್ಟರು. ನಾವು ಬರೆದೆವು.

ಇಷ್ಟೆಲ್ಲ ತಮಾಷೆ ಜಗಲಿ ಇರುವ ಮನೆಗಳದ್ದು. ತೋಟದ ಕೂಲಿಯವರ ಲೈನ್ ಮನೆಯದ್ದು ಬೇರೆ.

ನನಗೆ ಗೊತ್ತಿರುವ ಒಂದು ತೋಟದ ಲೈನಿನಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬನಿದ್ದಾನೆ. ಅಪ್ಪ ಅಮ್ಮ ಅಸ್ಸಾಮಿನಿಂದ ಬಂದವರು. ಮನೆಯ ಮಾತು ಒಂದು, ಲೈನಿನ ಮಾತು ಇನ್ನೊಂದು, ಶಾಲೆಯ ಕನ್ನಡ ಮೂರನೆಯದು. ಮೂರನ್ನೂ ಅವನು ಸಲೀಸಾಗಿ ಆಡುತ್ತಾನೆ. ಮನೆಯಲ್ಲಿ ಕನ್ನಡ ಓದಬಲ್ಲವನು ಅವನೊಬ್ಬನೇ. ಹಾಗಾಗಿ ಈ ಇಡೀ ಸೀಮೆಯಲ್ಲಿ ಹೋಂವರ್ಕನ್ನು ಹೋಂವರ್ಕ್ ಕೊಟ್ಟವರ ಉದ್ದೇಶದಂತೆ ತಾನೇ ಮಾಡುವ ದುರ್ದೈವಿ ಅವನು. ಮಾಡುತ್ತಾನೆ, ತಪ್ಪಾಗುತ್ತದೆ. ಚಿತ್ರ ಬಿಡಿಸುತ್ತಾನೆ, ಜೆರಾಕ್ಸಿನಷ್ಟು ಚೆನ್ನಾಗಿರುವುದಿಲ್ಲ. 'ಪಾಲಕರು ಗಮನ ಕೊಡಬೇಕು, ಸಹಿ ಮಾಡಿ ಕಳಿಸುವುದು' ಎಂದು ಪುಸ್ತಕದಲ್ಲಿ ಬರೆದು ಬರುತ್ತದೆ. ಅದನ್ನು ಪಾಲಕರಿಗೆ ಓದಿ ಹೇಳಬೇಕಾದವನೂ ಅವನೇ. "ಚೆನ್ನಾಗಿ ಓದ್ತಾನೆ ಅಂತ ಬರೆದಿದ್ದಾರೆ" ಎಂದು ಓದಿ ಹೇಳುತ್ತಾನೆ. ಅಮ್ಮ ಸಂತೋಷದಿಂದ ಹೆಬ್ಬೆಟ್ಟು ಒತ್ತುತ್ತಾಳೆ.

ಕುಯ್ಲಿನ ಕಾಲದಲ್ಲಿ ಸಂಜೆ ಕಣದ ಹತ್ತಿರ ಹೋದರೆ ಅವನನ್ನು ನೋಡಬಹುದು. ದಿನವಿಡೀ ಕುಯ್ದ ಹಣ್ಣಿನ ಚೀಲ ತಕ್ಕಡಿ ಏರುತ್ತದೆ. ಕೂಲಿ ಕೆಜಿ ಲೆಕ್ಕದಲ್ಲಿ. ಹುಡುಗ ಅಮ್ಮನ ಪಕ್ಕದಲ್ಲಿ ನಿಂತು ಮುಳ್ಳನ್ನೇ ನೋಡುತ್ತಿರುತ್ತಾನೆ. ಒಟ್ಟು ತೂಕದಲ್ಲಿ ಚೀಲದ್ದು ಕಳೆದು, ಒದ್ದೆಯೆಂದು ಹಿಡಿದದ್ದನ್ನು ಕಳೆದು, ಉಳಿದದ್ದನ್ನು ರೇಟಿನಿಂದ ಗುಣಿಸಿ, ರೈಟ್ರು ಕ್ಯಾಲ್ಕುಲೇಟರ್ ಒತ್ತುವ ಮೊದಲೇ ಅಮ್ಮನ ಕಿವಿಯಲ್ಲಿ ಉಸುರುತ್ತಾನೆ. ಒಂದು ಸಂಜೆ ರೈಟ್ರು ಬರೆದದ್ದು ಕಮ್ಮಿಯಾಗಿತ್ತು. "ಸಾರ್, ಚೀಲ ಎರಡು ಸಲ ಕಳೆದ್ರಿ" ಎಂದ. ರೈಟ್ರು ಮತ್ತೆ ಒತ್ತಿ ನೋಡಿದರು. ಹೌದು. ಒಳ್ಳೆಯ ಮನುಷ್ಯ, ತಿದ್ದಿ ಬರೆದರು. ಆಮೇಲೆ ಆಫೀಸು ರೂಮಿಗೆ ಹೋಗಿ, ಸಾಹುಕಾರರ ಮಗಳಿಗೆಂದು 'ನಿತ್ಯ ಜೀವನದಲ್ಲಿ ಗಣಿತ' ಎಂಬ ಮಾದರಿ ಮಾಡಲು ಕೂತರು. ಥರ್ಮೋಕೋಲಿನ ಅಂಗಡಿ, ಬೆಂಕಿಕಡ್ಡಿಯ ತಕ್ಕಡಿ, ಅದರೊಳಗೆ ಬ್ಯಾಟರಿಯ ಸಣ್ಣ ದೀಪ.

ಊರ ಶಾಲೆಗಳನ್ನೆಲ್ಲ ಕೂಡಿಸಿ ನಡೆದ ಪ್ರದರ್ಶನದಲ್ಲಿ ಆ ದೀಪ ಉರಿಯಿತು, 20ಕ್ಕೆ 20 ಬಂತು. ಹುಡುಗ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅಮ್ಮನ ಒಂದು ವಾರದ ಕುಯ್ಲಿನ ಲೆಕ್ಕ ಬರೆದು ತಂದಿದ್ದ. ಅಂದ ಇಲ್ಲ, ಬಣ್ಣ ಇಲ್ಲ ಎಂದು 8 ಕೊಟ್ಟರು. ಎಂಟು ಕಮ್ಮಿಯಲ್ಲ, ಯಾಕೆಂದರೆ ಅಲ್ಲಿ ಸ್ಪರ್ಧೆಗಿದ್ದವರಲ್ಲಿ ಹತ್ತು ವರ್ಷದವನು ಅವನೊಬ್ಬನೇ. ಉಳಿದವರೆಲ್ಲ ಮೂವತ್ತೈದು ದಾಟಿದ್ದರು.

ಕೊನೆಯ ಪಾಲಕರ ಸಭೆಯಲ್ಲಿ ನಾನೊಂದು ಸೂಚನೆ ಮಂಡಿಸಿದೆ. ಹೇಗೂ ಬರೆಯುವವರು ನಾವು. ಅಂಕಪಟ್ಟಿಯನ್ನೂ ನಮ್ಮ ಹೆಸರಿಗೇ ಕೊಡಿ, ಮಕ್ಕಳನ್ನು ಸಂಜೆ ಹೊತ್ತು ಅವರ ಪಾಡಿಗೆ ಬಿಡಿ, ಬೇಕಿದ್ದರೆ ನಮಗೂ ಬೇಸಿಗೆ ರಜೆ ಕೊಡಿ ಎಂದೆ. ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಅಪ್ಪನೊಬ್ಬರು ಹಾಗಾದರೆ ರ್‍ಯಾಂಕ್ ಕೊಡುತ್ತೀರಾ ಎಂದು ಕೇಳಿದರು. ಮುಂದಿನ ಬೆಂಚಿನ ಅಮ್ಮ ನೋಟ್ಸ್ ಬರೆದುಕೊಳ್ಳುತ್ತಿದ್ದರು. ಶಾಲೆಯವರು ಮಾತ್ರ ನಮ್ಮ ಅಹವಾಲನ್ನು ಗಂಭೀರವಾಗಿ ತೆಗೆದುಕೊಂಡಿದ್ದೇವೆ, ಮಕ್ಕಳ ಹೊರೆ ಇಳಿಸಲು ಕ್ರಮ ಜರುಗಿಸುತ್ತೇವೆ ಎಂದರು. ಮಾತಿಗೆ ತಪ್ಪಲಿಲ್ಲ. ತಿಂಗಳ ಮೂರನೇ ಶನಿವಾರ ಬ್ಯಾಗ್ ಇಲ್ಲದ ದಿನ, ಸಂಭ್ರಮ ಶನಿವಾರ ಎಂದು ಸರ್ಕಾರವೇ ಹೇಳಿದೆಯಲ್ಲ, ಅದನ್ನು ಈ ಸಲದಿಂದ ಕಟ್ಟುನಿಟ್ಟಾಗಿ ಆಚರಿಸುವುದಾಗಿ ಶುಕ್ರವಾರ ರಾತ್ರಿ ಎಂಟೂವರೆಗೆ ಗ್ರೂಪಿನಲ್ಲಿ ಸಂದೇಶ ಬಂತು:

'ಪ್ರಿಯ ಪಾಲಕರೇ, ನಾಳೆ ಬ್ಯಾಗ್ ರಹಿತ ದಿನ. ಮಕ್ಕಳು ಪುಸ್ತಕ ತರುವಂತಿಲ್ಲ. ಚಾರ್ಟ್ ಪೇಪರ್ ಎರಡು, ಗೋಂದು, ಕತ್ತರಿ, ಸ್ಕೆಚ್ ಪೆನ್ನು, ಬಣ್ಣದ ಕಾಗದ, ಹತ್ತು ಬಗೆಯ ಒಣಗಿದ ಎಲೆ, ತೆಂಗಿನ ಚಿಪ್ಪು ಮೂರು, ಹಳೇ ಪೇಪರ್ ಅರ್ಧ ಕೆಜಿ, ನೀರಿನ ಬಾಟಲಿ, ಊಟದ ಡಬ್ಬಿ, ಛತ್ರಿ ಮತ್ತು ರೇನ್‌ಕೋಟ್ ಕಡ್ಡಾಯ. ಇಷ್ಟನ್ನೂ ಕೈಯಲ್ಲಿ ತರಲು ಕಷ್ಟವಾಗುವುದರಿಂದ ಒಂದು ಗಟ್ಟಿ ಬ್ಯಾಗಿನಲ್ಲಿ ಹಾಕಿ ಕಳಿಸತಕ್ಕದ್ದು.'